ಮಂಜು ಕವಿದ ಗಾಜು, ಜೋತುಬಿದ್ದ ಪಡಿ: ಬ್ರಿಟನ್ನಿನ ಮನೆಗಳಲ್ಲಿ ಜೋಡಿ ಗಾಜಿನ ಕಿಟಕಿಗಳ ರಿಪೇರಿ

ಇಂಗ್ಲೆಂಡಿನಲ್ಲಿ ಹಳೆಯ ಮನೆ ಕೊಂಡ ಕನ್ನಡಿಗರಿಗೆ ಮೊದಲ ಚಳಿಗಾಲದಲ್ಲೇ ಈ ಪಾಠ ಆಗುತ್ತದೆ. ನವೆಂಬರಿನ ಒಂದು ಬೆಳಗ್ಗೆ ಮಲಗುವ ಕೋಣೆಯ ಪರದೆ ಸರಿಸಿದರೆ ಕಿಟಕಿಯ ಗಾಜಿಗೆ ಮಂಜು ಕವಿದಿರುತ್ತದೆ. ಬಟ್ಟೆ ತಂದು ಒಳಗಿನಿಂದ ಒರೆಸಿದರೂ ಅದು ಹೋಗುವುದಿಲ್ಲ, ಹೊರಗಿನಿಂದ ಒರೆಸಿದರೂ ಹೋಗುವುದಿಲ್ಲ; ಏಕೆಂದರೆ ನೀರು ಕೂತಿರುವುದು ಎರಡು ಗಾಜುಗಳ ನಡುವೆ. ಕಿಟಕಿ ಮಾರುವವರನ್ನು ಕರೆಸಿದರೆ ಅವರು ಇಡೀ ಮನೆಯ ಕಿಟಕಿಗಳನ್ನೇ ಬದಲಿಸಲು ಲೆಕ್ಕ ಬರೆದುಕೊಟ್ಟು ಹೋಗುತ್ತಾರೆ. 1930ರ ದಶಕದಲ್ಲಿ ಕಟ್ಟಿದ ಒಂದು ಸೆಮಿ (ಒಂದು ಬದಿಯ ಗೋಡೆ ಪಕ್ಕದ ಮನೆಗೂ ಸೇರಿದ) ಮನೆಯ ಹನ್ನೊಂದು ಕಿಟಕಿಗಳೊಂದಿಗೆ ಹಲವು ವರ್ಷ ಹೆಣಗಿದ ಮೇಲೆ ನನಗೆ ಸ್ಪಷ್ಟವಾದದ್ದು ಇಷ್ಟು: ಚೌಕಟ್ಟು ನೆಟ್ಟಗಿದ್ದರೆ ಕಿಟಕಿಯನ್ನೇ ಕಿತ್ತು ಹಾಕಬೇಕಾದ ಪ್ರಸಂಗ ತೀರಾ ಅಪರೂಪ. ಕೆಟ್ಟಿರುವುದು ಗಾಜಿನ ಜೋಡಿಯೋ, ಹಿಂಜೋ, ರಬ್ಬರೋ, ಹಿಡಿಯೋ ಆಗಿರುತ್ತದೆ, ಇವೆಲ್ಲವೂ ಬಿಡಿಬಿಡಿಯಾಗಿ ಸಿಗುತ್ತವೆ. ಗಾಜು ಮಂಜಾಗುವುದರ ಹಿಂದೆ ಬಹಳ ಸಲ ಇರುವುದು ಚೌಕಟ್ಟಿನ ಒಳಗೆ ಸೇರಿ, ಹೊರಹೋಗಲು ದಾರಿಯಿಲ್ಲದೆ ನಿಂತ ಮಳೆನೀರು.

ಒಂದು ಮಾತನ್ನು ಆರಂಭದಲ್ಲೇ ಹೇಳಿಬಿಡಬೇಕು. ನೀವು ಬಾಡಿಗೆ ಮನೆಯಲ್ಲಿದ್ದರೆ ಇಲ್ಲಿ ಹೇಳಿರುವ ಯಾವುದನ್ನೂ ನೀವಾಗಿ ಮಾಡಲು ಹೋಗದೆ ಮಾಲೀಕರಿಗೆ ಫೋಟೊ ಸಮೇತ ಇಮೇಲ್ ಕಳುಹಿಸುವುದು ಸರಿ. ಲೀಸ್‌ಹೋಲ್ಡ್ ಫ್ಲ್ಯಾಟ್ (ದೀರ್ಘಾವಧಿಯ ಗುತ್ತಿಗೆಗೆ ಪಡೆದದ್ದು) ಆಗಿದ್ದರೆ ಲೀಸ್ ಪತ್ರವನ್ನು ಒಮ್ಮೆ ಓದಿ ನೋಡಿ, ಏಕೆಂದರೆ ಕಿಟಕಿಯ ಚೌಕಟ್ಟು ಮತ್ತು ಕೆಲವೊಮ್ಮೆ ಗಾಜು ಕೂಡ ಕಟ್ಟಡದ ಮೂಲ ಒಡೆಯರಾದ ಫ್ರೀಹೋಲ್ಡರ್‌ಗೆ ಸೇರಿದ್ದಾಗಿರುತ್ತದೆ.

ಕಿಟಕಿಯ ಒಳಗೆ ಏನಿದೆ

ಇಲ್ಲಿನ ಬಹುಪಾಲು ಮನೆಗಳಲ್ಲಿರುವುದು ಬಿಳಿಯ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟಿನ ಕಿಟಕಿ. ಅದರ ಗಾಜನ್ನು ಒಂದೇ ಹಲಗೆ ಎಂದು ತಿಳಿಯದೆ, ಅಂಚಿನಲ್ಲಿ ಅಂಟಿಸಿ ಮುಚ್ಚಿದ ಒಂದು ಚಪ್ಪಟೆ ಡಬ್ಬಿ ಎಂದು ಕಲ್ಪಿಸಿಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. 4 ಮಿ.ಮೀ. ದಪ್ಪದ ಎರಡು ಗಾಜುಗಳ ನಡುವೆ ಸುತ್ತಲೂ ಸ್ಪೇಸರ್ ಎಂಬ ಟೊಳ್ಳು ಪಟ್ಟಿ ಇರುತ್ತದೆ. ಆ ಪಟ್ಟಿಯ ಹೊಟ್ಟೆಯಲ್ಲಿ ತೇವ ಹೀರುವ ಸಣ್ಣ ಮಣಿಗಳನ್ನು ತುಂಬಿರುತ್ತಾರೆ. ಪಟ್ಟಿ ಮತ್ತು ಗಾಜಿನ ನಡುವೆ ಬ್ಯೂಟೈಲ್ ಎಂಬ ಅಂಟು, ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಅಂಥದೇ ಇನ್ನೊಂದು ಅಂಟಿನ ದಪ್ಪ ಪದರ, ಹೀಗೆ ಎರಡು ಕಾವಲುಗಳಿರುತ್ತವೆ. ಹೊಸ ಜೋಡಿಗಳಲ್ಲಿ ನಡುವಿನ ಜಾಗಕ್ಕೆ ಸಾಮಾನ್ಯ ಗಾಳಿಯ ಬದಲು ಆರ್ಗಾನ್ ಅನಿಲ ತುಂಬಿ, ಒಳಗಾಜಿನ ನಡುವಿನ ಮುಖಕ್ಕೆ ಕಣ್ಣಿಗೆ ಕಾಣದ ಲೋಹದ ಲೇಪ ಕೊಟ್ಟಿರುತ್ತಾರೆ. ಕೋಣೆಯ ಶಾಖವನ್ನು ಮತ್ತೆ ಕೋಣೆಗೇ ಹಿಂದಿರುಗಿಸುವ ಈ ಲೇಪಕ್ಕೆ ಲೋ-ಇ ಎಂದು ಹೆಸರು.

ಈ ಡಬ್ಬಿ ಸುಮ್ಮನೆ ಕೂತಿರುವುದಿಲ್ಲ. ಬಿಸಿಲಿಗೆ ಒಳಗಿನ ಅನಿಲ ಹಿಗ್ಗಿ ಗಾಜುಗಳು ಉಬ್ಬುತ್ತವೆ, ಚಳಿಗೆ ಕುಗ್ಗಿ ಒಳಕ್ಕೆ ಬಾಗುತ್ತವೆ, ಅಂಚಿನ ಅಂಟು ದಿನವೂ ಈ ಎಳೆದಾಟವನ್ನು ತಡೆದುಕೊಳ್ಳುತ್ತಿರುತ್ತದೆ. (ಬೆಂಗಳೂರಿನಲ್ಲಿ ವಾಹನಗಳ ಸದ್ದು ತಡೆಯಲು ಈಗ ಹಲವರು ಇಂಥ ಕಿಟಕಿ ಹಾಕಿಸುತ್ತಿದ್ದಾರೆ. ಸಮುದ್ರಮಟ್ಟದ ಊರಿನಲ್ಲಿ ಸೀಲ್ ಮಾಡಿದ ಜೋಡಿಯನ್ನು 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿಗೆ ತಂದರೆ, ಅಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಭಾಗ ಕಡಿಮೆ ಇರುವುದರಿಂದ ಗಾಜು ಅಲ್ಲಿಗೆ ಬಂದಂದಿನಿಂದಲೇ ಉಬ್ಬಿಕೊಂಡಿರುತ್ತದೆ. ಅಲ್ಲಿ ಕಿಟಕಿ ಹಾಕಿಸುವವರು ಜೋಡಿಯನ್ನು ಎಲ್ಲಿ ಸೀಲ್ ಮಾಡಿದ್ದಾರೆಂದು ಕೇಳುವುದು ಒಳ್ಳೆಯದು.)

ಮೊದಲು, ನೀರು ಯಾವ ಮುಖದಲ್ಲಿದೆ ಎಂದು ನೋಡಿ

ಕಿಟಕಿಯಲ್ಲಿ ನೀರು ಕಂಡ ತಕ್ಷಣ ಕಿಟಕಿ ಕೆಟ್ಟಿದೆ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಬೆರಳಿನಿಂದ ಗಾಜಿನ ಒಳಮುಖದ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ಮೂಡಿದರೆ ನೀರು ಕೋಣೆಯ ಕಡೆಗಿದೆ, ಅದು ಕಿಟಕಿಯ ದೋಷವಲ್ಲ, ಮನೆಯ ಗಾಳಿಯಲ್ಲಿರುವ ತೇವದ ಸಮಸ್ಯೆ. ಅಕ್ಕಿ ಬೇಯಿಸುವ ಆವಿ, ಸಾರು ಕುದಿಯುವ ಆವಿ, ಸ್ನಾನದ ಹಬೆ, ಎಲ್ಲಕ್ಕಿಂತ ಹೆಚ್ಚಾಗಿ ರೇಡಿಯೇಟರ್ ಮೇಲೆ ಹರವಿದ ಒದ್ದೆ ಬಟ್ಟೆ, ಇವೆಲ್ಲ ಸೇರಿ ಮನೆಯ ಗಾಳಿಯನ್ನು ತೋಯಿಸಿಬಿಡುತ್ತವೆ. ನಮ್ಮ ಅಡುಗೆಯಲ್ಲಿ ಕುದಿಸುವ ಕೆಲಸವೇ ಹೆಚ್ಚಾದ್ದರಿಂದ ಪಕ್ಕದ ಮನೆಯವರ ಕಿಟಕಿ ಒಣಗಿದ್ದು ನಮ್ಮದು ಮಾತ್ರ ಒದ್ದೆಯಾಗಿದ್ದರೆ ಆಶ್ಚರ್ಯವೇನಿಲ್ಲ.

ಇದರ ಲೆಕ್ಕ ಸರಳವಾಗಿದೆ. ಕೋಣೆಯಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 60ರಷ್ಟು ತೇವಾಂಶ ಇದ್ದರೆ, ಸುಮಾರು 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯ ಮೇಲಾದರೂ ನೀರು ಕಟ್ಟುತ್ತದೆ. ಹೊರಗೆ ಸೊನ್ನೆ ಡಿಗ್ರಿ ಇರುವ ರಾತ್ರಿ ಒಂಟಿ ಗಾಜಿನ ಒಳಮುಖ 5 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಲೇಪವಿಲ್ಲದ ಹಳೆಯ ಜೋಡಿ ಗಾಜಿನದು 12 ಅಥವಾ 13ರಲ್ಲಿ ನಿಲ್ಲುತ್ತದೆ, ಲೋ-ಇ ಲೇಪ ಮತ್ತು ಆರ್ಗಾನ್ ಇರುವ ಹೊಸ ಜೋಡಿಯದು 17ರ ಸುತ್ತ ಇರುತ್ತದೆ. ಹೀಗಾಗಿ ಹಳೆಯ ಜೋಡಿ ಗಾಜು ಕೂದಲೆಳೆಯ ಅಂತರದಲ್ಲಿ ಬದುಕುತ್ತಿರುತ್ತದೆ. ಒಂದು ಬುಟ್ಟಿ ಒದ್ದೆ ಬಟ್ಟೆ ಮನೆಯೊಳಗೆ ಒಣಗಿದರೆ ಅದು ಸೋಲುತ್ತದೆ. ಅಡುಗೆಮನೆಯ ಎಕ್ಸ್‌ಟ್ರಾಕ್ಟರ್ ಫ್ಯಾನನ್ನು ಅಡುಗೆ ಮುಗಿದ ಮೇಲೂ ಹದಿನೈದು ನಿಮಿಷ ಓಡಿಸುವುದು, ಬಟ್ಟೆಯನ್ನು ಒಂದೇ ಕೋಣೆಯಲ್ಲಿ ಬಾಗಿಲು ಮುಚ್ಚಿ, ಅಲ್ಲಿನ ಕಿಟಕಿಯನ್ನು ಒಂದು ಬೆರಳಷ್ಟು ತೆರೆದು ಒಣಗಿಸುವುದು, ಚೌಕಟ್ಟಿನ ಮೇಲ್ಭಾಗದಲ್ಲಿ ಟ್ರಿಕಲ್ ವೆಂಟ್ ಎಂಬ ಸೀಳುಕಿಂಡಿ ಇದ್ದರೆ ಅದನ್ನು ಚಳಿಗೆ ಹೆದರಿ ಮುಚ್ಚದಿರುವುದು, ಇವಿಷ್ಟೇ ಇದಕ್ಕೆ ಔಷಧ.

ನೀರು ಹೊರಮುಖದಲ್ಲಿದ್ದರೆ, ಅಂದರೆ ಶರತ್ಕಾಲದ ಶುಭ್ರ ಬೆಳಗ್ಗೆ ಹೊರಗಿನಿಂದ ಇಬ್ಬನಿ ಕಟ್ಟಿ ಹತ್ತು ಗಂಟೆಗೆ ಆರಿಹೋದರೆ, ಅದು ಕಿಟಕಿ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಮನೆಯ ಶಾಖ ಹೊರಗಾಜಿನವರೆಗೆ ತಲುಪದಿರುವುದರಿಂದಲೇ ಆ ಗಾಜು ತಣ್ಣಗಾಗಿ ಇಬ್ಬನಿ ಹಿಡಿದಿದೆ. ಹೊಸ ಕಿಟಕಿ ಹಾಕಿಸಿದ ಮೊದಲ ವರ್ಷ ಇದನ್ನು ಕಂಡು ಗಾಬರಿಯಾಗಿ ಕಂಪನಿಗೆ ದೂರು ಕೊಟ್ಟವರನ್ನು ನಾನು ಬಲ್ಲೆ.

ಎರಡೂ ಕಡೆ ಬೆರಳಿಗೆ ಒಣಗಿದ್ದು, ನಡುವೆ ಮಾತ್ರ ಮಬ್ಬಿದ್ದರೆ ಅಂಚಿನ ಸೀಲ್ ಸೋತಿದೆ. ಮೊದಮೊದಲು ಬೆಳಗ್ಗೆ ಕಾಣಿಸಿಕೊಂಡು ಮಧ್ಯಾಹ್ನದ ಬಿಸಿಲಿಗೆ ಮಾಯವಾಗುತ್ತದೆ. ಮಣಿಗಳು ಹೀರುವಷ್ಟು ಹೀರಿ ದಣಿದ ಮೇಲೆ ಮಂಜು ಖಾಯಂ ಆಗುತ್ತದೆ, ಕೊನೆಗೆ ಒಳಮುಖದ ಮೇಲೆ ಬಿಳಿಯ ಕಲೆಗಳು ಉಳಿಯುತ್ತವೆ. ಮಂಜು ಕಂಡ ದಿನವೇ ಮನೆ ತಣ್ಣಗಾಗಿಬಿಡುವುದಿಲ್ಲವಾದ್ದರಿಂದ ಡಿಸೆಂಬರಿನಲ್ಲಿ ಅವಸರಪಡುವ ಅಗತ್ಯವಿಲ್ಲ, ಏಪ್ರಿಲ್‌ವರೆಗೆ ಕಾಯಬಹುದು. ಕಾಯುವುದರಲ್ಲಿ ಒಂದು ಲಾಭವೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಗಾಜಿಗೆ ಸಣ್ಣ ರಂಧ್ರ ಕೊರೆದು ಒಳಗಿನ ತೇವ ತೆಗೆದು ಮುಚ್ಚಿಕೊಡುತ್ತೇವೆ ಎನ್ನುವ ಸೇವೆಗಳಿವೆ. ಅದರಿಂದ ಕೆಲಕಾಲ ನೋಟ ತಿಳಿಯಾಗಬಹುದು, ಆದರೆ ಸೋತ ಸೀಲ್ ಸೋತೇ ಇರುತ್ತದೆ, ಆರ್ಗಾನ್ ಮರಳಿ ಬರುವುದಿಲ್ಲ, ಟಫನ್ಡ್ ಗಾಜಿಗಂತೂ (ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ್ದು) ಕೊರೆಯಲು ಹೋದರೆ ಇಡೀ ಹಲಗೆ ಪುಡಿಯಾಗುತ್ತದೆ. ನನ್ನ ಮಟ್ಟಿಗೆ ಅದು ಹಣ ಹಾಳು ಮಾಡುವ ದಾರಿ.

ಗಾಜಿಗಿಂತ ಮೊದಲು ನೀರಿನ ದಾರಿ

ಹೊಸ ಗಾಜಿಗೆ ಆರ್ಡರ್ ಕೊಡುವ ಮೊದಲು ಹಳೆಯದು ಏಕೆ ಕೆಟ್ಟಿತು ಎಂದು ನೋಡದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಗಾಜಿನ ಅಂಚಿನ ರಬ್ಬರನ್ನು ದಾಟಿ ಸ್ವಲ್ಪ ಮಳೆನೀರು ಚೌಕಟ್ಟಿನೊಳಗೆ ಇಳಿಯುವುದು ಸಹಜ, ಕಿಟಕಿಯನ್ನು ರೂಪಿಸಿರುವುದೇ ಹಾಗೆ. ಆ ನೀರು ಚೌಕಟ್ಟಿನ ತಳದ ಕಾಲುವೆಗೆ ಬಿದ್ದು, ಹೊರಮುಖದಲ್ಲೋ ಚೌಕಟ್ಟಿನ ಅಡಿಯಲ್ಲೋ ಇರುವ ಸಣ್ಣ ಸೀಳುಗಳ ಮೂಲಕ ಹೊರಗೆ ಹರಿಯಬೇಕು. ಆ ಸೀಳು ಮಣ್ಣು, ಪಾಚಿ, ಸತ್ತ ಹುಳಗಳಿಂದ ಕಟ್ಟಿಕೊಂಡರೆ ಗಾಜಿನ ಕೆಳ ಅಂಚು ತಿಂಗಳುಗಟ್ಟಲೆ ನೀರಿನಲ್ಲಿ ನೆನೆಯುತ್ತದೆ. ಅಂಚಿನ ಅಂಟು ಬಿಸಿಲನ್ನು, ಚಳಿಯನ್ನು ತಡೆದೀತು, ನಿಂತ ನೀರನ್ನು ಬಹುಕಾಲ ತಡೆಯಲಾರದು.

ಪರೀಕ್ಷೆ ಮಾಡಲು ಕಿಟಕಿ ತೆರೆದು ಕೆಳಗಿನ ಚೌಕಟ್ಟಿನ ಕಾಲುವೆಗೆ ಒಂದು ಲೋಟ ನೀರನ್ನು ನಿಧಾನವಾಗಿ ಸುರಿಯಿರಿ. ಕೆಲವೇ ಕ್ಷಣಗಳಲ್ಲಿ ಅದು ಹೊರಗಿನಿಂದ ತೊಟ್ಟಿಕ್ಕಬೇಕು. ನೀರು ಅಲ್ಲಿಯೇ ಕೆರೆಯಂತೆ ನಿಂತರೆ ಹೊರಮುಖದ ಪ್ಲಾಸ್ಟಿಕ್ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ ತೆಗೆದು, ಕೇಬಲ್ ಟೈ ಒಂದನ್ನು ಸೀಳಿನೊಳಗೆ ತೂರಿಸಿ ಹಿಂದೆ ಮುಂದೆ ಆಡಿಸಿ. ನಂತರ ಬೆಚ್ಚಗಿನ ಸೋಪಿನ ನೀರು ಹೊಯ್ದು ತೊಳೆಯಿರಿ. ತೆರೆದು ಮುಚ್ಚುವ ಪಡಿಯ ತಳದಲ್ಲೂ ಇಂಥದೇ ಸೀಳುಗಳಿರುತ್ತವೆ, ಅವನ್ನು ಮರೆಯಬೇಡಿ. ನಮ್ಮ ಮನೆಯ ಹಿಂದಿನ ಮಾಲೀಕರು ಗಾಳಿ ಬರುತ್ತದೆ ಎಂದು ಈ ಸೀಳುಗಳಿಗೆಲ್ಲ ಬಿಳಿ ಸಿಲಿಕೋನ್ ಮೆತ್ತಿ ನೀಟಾಗಿ ಮುಚ್ಚಿದ್ದರು. ಪಶ್ಚಿಮಕ್ಕೆ ಮುಖ ಮಾಡಿದ ನಾಲ್ಕು ಕಿಟಕಿಗಳೂ ಮಂಜಾಗಿದ್ದವು. ಸಿಲಿಕೋನನ್ನು ಬ್ಲೇಡಿನಿಂದ ಕೆತ್ತಿ ತೆಗೆದ ದಿನ ಒಂದು ಚೌಕಟ್ಟಿನಿಂದ ಸುರಿದ ನೀರು ಕಪ್ಪಗಿತ್ತು, ಬಾವಿಯ ತಳದ ಕೆಸರಿನ ವಾಸನೆ ಹೊಡೆಯುತ್ತಿತ್ತು.

ಮಂಜಾದ ಜೋಡಿಯನ್ನು ಬದಲಿಸುವುದು

ಇದು ಕೈಲಾಗುವ ಕೆಲಸ, ಆದರೆ ತೂಕದ ಅಂದಾಜು ಮೊದಲಿರಬೇಕು. ಒಂದು ಚದರ ಮೀಟರ್ ಗಾಜು, ದಪ್ಪದ ಪ್ರತಿ ಮಿಲಿಮೀಟರಿಗೆ ಎರಡೂವರೆ ಕಿಲೋ ತೂಗುತ್ತದೆ. 4 ಮಿ.ಮೀ.ಯ ಎರಡು ಗಾಜು ಸೇರಿದ ಒಂದು ಚದರ ಮೀಟರಿನ ಜೋಡಿ 20 ಕಿಲೋ. ಅಷ್ಟು ದೊಡ್ಡದನ್ನು ಒಬ್ಬರೇ ಎತ್ತಲು ಹೋಗಬಾರದು. ನೆಲಮಹಡಿಯ ಸಣ್ಣ ಕಿಟಕಿಯಿಂದ ಆರಂಭಿಸಿ. ಬೀಡಿಂಗ್, ಅಂದರೆ ಗಾಜನ್ನು ಹಿಡಿದಿಡುವ ಪಟ್ಟಿ, ಹೊರಗಿನಿಂದ ಕೂಡಿಸಿರುವ ಹಳೆಯ ಮೇಲ್ಮಹಡಿಯ ಕಿಟಕಿಯಾದರೆ ಕಸಬುದಾರರಿಗೇ ಬಿಡಿ, ಏಣಿಯ ಮೇಲೆ ನಿಂತು ಗಾಜು ಎತ್ತುವುದು ಹುಡುಗಾಟವಲ್ಲ.

ಕೆಲಸಕ್ಕೆ ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ, ಗಟ್ಟಿಯಾದ ಅಗಲ ಪಟ್ಟಿ ಚಾಕು, ನೈಲಾನ್ ಸುತ್ತಿಗೆ, ಮಾಸ್ಕಿಂಗ್ ಟೇಪ್, ಟೇಪ್ ಅಳತೆ ಮತ್ತು ಗಾಜಿನ ಸುತ್ತಲಿನ ಬಿಡುವಿಗೆ ತುಂಬುವ, ಬೇರೆ ಬೇರೆ ದಪ್ಪದ ಪ್ಲಾಸ್ಟಿಕ್ ಪ್ಯಾಕರ್‌ಗಳು ಬೇಕು. ಬೆಚ್ಚಗಿನ ದಿನವನ್ನೇ ಆರಿಸಿಕೊಳ್ಳಿ. ಚಳಿಯಲ್ಲಿ ಹಳೆಯ ಯುಪಿವಿಸಿ ಬಿರುಸಾಗಿ, ಬಾಗಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಏಪ್ರಿಲ್‌ವರೆಗೆ ಕಾಯುವುದರ ಲಾಭ ಎಂದದ್ದು ಇದನ್ನೇ.

ಮೊದಲು ನಾಲ್ಕೂ ಬೀಡಿಂಗ್ ಪಟ್ಟಿಗಳ ಮೇಲೆ ಟೇಪ್ ಅಂಟಿಸಿ ಮೇಲೆ, ಕೆಳಗೆ, ಎಡ, ಬಲ ಎಂದು ಬರೆದಿಡಿ. ಎಲ್ಲಕ್ಕಿಂತ ಉದ್ದದ ಪಟ್ಟಿಯ ನಟ್ಟನಡುವೆ, ಪಟ್ಟಿ ಮತ್ತು ಚೌಕಟ್ಟಿನ ನಡುವಿನ ಗೆರೆಯಲ್ಲಿ ಚಾಕುವಿನ ಅಲಗನ್ನು ಇಟ್ಟು ಮೆಲ್ಲಗೆ ತಟ್ಟಿ ಒಳಕ್ಕೆ ಇಳಿಸಿ, ಗಾಜಿನ ಕಡೆಗೆ ಮೀಟಿ. ಗಾಜು ಮತ್ತು ಪಟ್ಟಿಯ ನಡುವೆ ಅಲಗು ತೂರಿಸಬಾರದು. ಅಲ್ಲಿ ಮೀಟಿದರೆ ಒಡೆಯುವುದು ಗಾಜು. ಟಕ್ ಎಂದು ಪಟ್ಟಿಯ ನಡುಭಾಗ ಬಿಟ್ಟುಕೊಂಡರೆ ಅದು ಬಿಲ್ಲಿನಂತೆ ಬಾಗಿ ಎರಡು ತುದಿಗಳೂ ತಾವಾಗಿ ಬರುತ್ತವೆ. ಎರಡನೆಯ ಉದ್ದ ಪಟ್ಟಿ, ಆಮೇಲೆ ಗಿಡ್ಡ ಪಟ್ಟಿಗಳು. ಕೊನೆಯ ಪಟ್ಟಿ ತೆಗೆಯುವ ಹೊತ್ತಿಗೆ ಒಬ್ಬರು ಗಾಜಿನ ಮೇಲೆ ಕೈ ಇಟ್ಟು ನಿಂತಿರಲಿ. ಗಾಜಿನ ಸುತ್ತ ಎಲ್ಲೆಲ್ಲಿ ಪ್ಯಾಕರ್ ಇತ್ತು, ಎಷ್ಟು ದಪ್ಪದ್ದು ಎಂಬುದನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ.

ಈಗ ಅಳತೆ, ಹಣ ಕಳೆಯುವ ಘಟ್ಟ ಇದೇ. ಚೌಕಟ್ಟಿನೊಳಗಿನ ಗಾಜು ಕೂರುವ ಗುಂಡಿಯನ್ನು ಅಂಚಿನಿಂದ ಅಂಚಿಗೆ ಅಗಲದಲ್ಲಿ ಮೂರು ಕಡೆ, ಎತ್ತರದಲ್ಲಿ ಮೂರು ಕಡೆ ಅಳೆಯಿರಿ. ಅವುಗಳಲ್ಲಿ ಅತಿ ಚಿಕ್ಕದನ್ನು ಹಿಡಿದು ಅದರಿಂದ 10 ಮಿ.ಮೀ. ಕಳೆದರೆ, ಪ್ರತಿ ಬದಿಗೆ 5 ಮಿ.ಮೀ. ಬಿಡುವು ಸಿಗುತ್ತದೆ. ಹೊರತೆಗೆದ ಹಳೆಯ ಜೋಡಿಯನ್ನೂ ಅಳೆದು ಎರಡೂ ಲೆಕ್ಕ ತಾಳೆಯಾಗುತ್ತದೆಯೇ ನೋಡಿ. ಆರ್ಡರಿನಲ್ಲಿ ಯಾವಾಗಲೂ ಅಗಲ ಮೊದಲು, ಎತ್ತರ ಆಮೇಲೆ ಬರೆಯುವುದು ಇಲ್ಲಿನ ರೂಢಿ. ದಪ್ಪ ಅಳೆಯಲು ಗಾಜು, ನಡುವಿನ ಜಾಗ, ಗಾಜು ಮೂರನ್ನೂ ಸೇರಿಸಿ: 4-16-4 ಎಂದರೆ 24 ಮಿ.ಮೀ., 4-20-4 ಎಂದರೆ 28 ಮಿ.ಮೀ. ಹಳೆಯ ಕಿಟಕಿಗಳಲ್ಲಿ 20 ಮಿ.ಮೀ. ಜೋಡಿಗಳೂ ಇರುತ್ತವೆ. ಬೀಡಿಂಗ್ ಪಟ್ಟಿ ಈ ದಪ್ಪಕ್ಕೆಂದೇ ಮಾಡಿದ್ದಾದ್ದರಿಂದ ಇನ್ನೂ ಸ್ವಲ್ಪ ದಪ್ಪದ್ದು ಹಾಕೋಣ ಎಂಬ ಆಸೆ ನಡೆಯುವುದಿಲ್ಲ.

ಮೊದಲ ಸಲ ನಾನು ಪಟ್ಟಿ ತೆಗೆಯಲು ಅಂಜಿ, ಕಣ್ಣಿಗೆ ಕಾಣುವ ಗಾಜನ್ನಷ್ಟೇ ಅಳೆದು, ಒಳಗೆ ಅವಿತಿರುವುದು ಇಷ್ಟಿರಬಹುದು ಎಂದು ಅಂದಾಜಿನ ಮೇಲೆ ಕೂಡಿಸಿ ಆರ್ಡರ್ ಕೊಟ್ಟೆ. ಬಂದ ಜೋಡಿ ಎತ್ತರದಲ್ಲಿ 6 ಮಿ.ಮೀ. ಹೆಚ್ಚಾಗಿತ್ತು. ಸೀಲ್ ಆದ ಜೋಡಿಯನ್ನು ಒಂದು ಕೂದಲಷ್ಟೂ ಕತ್ತರಿಸಲಾಗದು, ಅಳತೆ ಕೊಟ್ಟು ಮಾಡಿಸಿದ್ದನ್ನು ಯಾರೂ ವಾಪಸು ತೆಗೆದುಕೊಳ್ಳುವುದೂ ಇಲ್ಲ. ಅದು ಇಂದಿಗೂ ನಮ್ಮ ಶೆಡ್ಡಿನ ಗೋಡೆಗೆ ಒರಗಿ ನಿಂತಿದೆ.

ಆರ್ಡರ್ ಕೊಡುವಾಗ ಲೋ-ಇ ಲೇಪ, ಆರ್ಗಾನ್, ಮತ್ತು ವಾರ್ಮ್ ಎಡ್ಜ್ ಎಂದು ಕರೆಯುವ, ಅಲ್ಯುಮಿನಿಯಂ ಅಲ್ಲದ ಸ್ಪೇಸರ್ ಕೇಳಿ. 1980ರ ದಶಕದ ಚೌಕಟ್ಟಿಗೂ ಇಂದಿನ ಗಾಜು ಕೂರುತ್ತದೆ, ಹೀಗಾಗಿ ರಿಪೇರಿಯ ನೆಪದಲ್ಲಿ ಮನೆ ಮೊದಲಿಗಿಂತ ಬೆಚ್ಚಗಾಗುತ್ತದೆ. ಸುರಕ್ಷಿತ ಗಾಜು ಎಲ್ಲಿ ಕಡ್ಡಾಯ ಎಂಬುದನ್ನೂ ನೋಡಿ. ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗದರ್ಶನದಂತೆ ಕಿಟಕಿಯಲ್ಲಿ ನೆಲದಿಂದ 800 ಮಿ.ಮೀ. ಒಳಗಿನ ಗಾಜು, ಬಾಗಿಲಿನಲ್ಲಿ ಮತ್ತು ಬಾಗಿಲಿನ ಅಂಚಿನಿಂದ 300 ಮಿ.ಮೀ. ಒಳಗಿನ ಪಕ್ಕದ ಹಲಗೆಗಳಲ್ಲಿ 1500 ಮಿ.ಮೀ. ಎತ್ತರದವರೆಗಿನ ಗಾಜು ಟಫನ್ಡ್ ಅಥವಾ ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ್ದು) ಆಗಿರಬೇಕು. ಹಳೆಯ ಗಾಜಿನ ಮೂಲೆಯಲ್ಲಿ ಮಸುಕಾದ ಮುದ್ರೆ ಇದ್ದರೆ ಅದು ಸುರಕ್ಷಿತ ಗಾಜು ಎಂದರ್ಥ.

ಹೊಸ ಜೋಡಿ ಬಂದಾಗ ಯಾವ ಮುಖ ಒಳಕ್ಕೆ ಎಂಬುದನ್ನು ಸ್ಟಿಕರ್ ಹೇಳುತ್ತದೆ. ಸ್ಟಿಕರ್ ಬಿದ್ದುಹೋಗಿದ್ದರೆ ಕತ್ತಲಲ್ಲಿ ಒಂದು ಬೆಂಕಿಕಡ್ಡಿ ಹಚ್ಚಿ ಗಾಜಿನ ಮುಂದೆ ಹಿಡಿಯಿರಿ. ಒಂದರ ಹಿಂದೊಂದು ನಾಲ್ಕು ಜ್ವಾಲೆಗಳು ಗಾಜಿನಲ್ಲಿ ಕಾಣುತ್ತವೆ, ನಾಲ್ಕು ಮುಖಗಳಿಗೆ ನಾಲ್ಕು. ಅವುಗಳಲ್ಲಿ ಒಂದರ ಬಣ್ಣ ಬೇರೆಯಾಗಿರುತ್ತದೆ, ಅದೇ ಲೇಪವಿರುವ ಮುಖ. ನೀವು ನಿಂತ ಕಡೆಯಿಂದ ಎಣಿಸಿದಾಗ ಎರಡನೆಯ ಜ್ವಾಲೆಯ ಬಣ್ಣ ಬೇರೆಯಾಗಿದ್ದರೆ ಆ ಬದಿ ಕೋಣೆಯ ಕಡೆಗೆ ಬರಬೇಕು.

ಗುಂಡಿಯನ್ನು ಬ್ರಶ್ಶಿನಿಂದ ಗುಡಿಸಿ, ಸೀಳುಗಳು ತೆರೆದಿವೆಯೇ ಎಂದು ಇನ್ನೊಮ್ಮೆ ನೀರು ಹೊಯ್ದು ನೋಡಿ, ತಳದಲ್ಲಿ ಮೂಲೆಗಳಿಂದ ಸ್ವಲ್ಪ ಒಳಗೆ ಎರಡು ಪ್ಯಾಕರ್ ಇಡಿ. ಪ್ಯಾಕರ್ ಎರಡೂ ಗಾಜುಗಳನ್ನು ಹೊರುವಷ್ಟು ಅಗಲ ಇರಲೇಬೇಕು. ಒಂದೇ ಗಾಜಿನ ಕೆಳಗೆ ಆಸರೆಯಿದ್ದರೆ ಇನ್ನೊಂದು ತನ್ನ ಭಾರಕ್ಕೆ ಜಾರಿ ಅಂಚಿನ ಅಂಟನ್ನೇ ಹರಿಯುತ್ತದೆ. ಪ್ಯಾಕರ್ ಸೀಳಿನ ಬಾಯಿಯನ್ನು ಮುಚ್ಚಬಾರದು. ಗಾಜನ್ನು ತಳದ ಮೇಲೆ ಇಟ್ಟು ಮೇಲಕ್ಕೆ ವಾಲಿಸಿ ಕೂರಿಸಿ, ಸುತ್ತಲೂ ಬಿಡುವು ಸಮವಾಗಿರುವಂತೆ ಉಳಿದ ಪ್ಯಾಕರ್‌ಗಳನ್ನು ತುಂಬಿ, ತೆಗೆದ ಕ್ರಮಕ್ಕೆ ತದ್ವಿರುದ್ಧವಾಗಿ, ಅಂದರೆ ಗಿಡ್ಡ ಪಟ್ಟಿಗಳನ್ನು ಮೊದಲು, ಉದ್ದದವನ್ನು ಆಮೇಲೆ, ಸುತ್ತಿಗೆಯಿಂದ ತಟ್ಟಿ ಕೂರಿಸಿ. ರಬ್ಬರಿಗೆ ಸೋಪಿನ ನೀರು ಹಚ್ಚಿದರೆ ಪಟ್ಟಿ ಜಾರಿ ಕೂರುತ್ತದೆ. ತೆಗೆದ ಹಳೆಯ ಗಾಜನ್ನು ಬಾಟಲಿ ಹಾಕುವ ತೊಟ್ಟಿಗೆ ಹಾಕಬೇಡಿ, ಕಿಟಕಿ ಗಾಜು ಅದರೊಂದಿಗೆ ಸೇರಿ ಕರಗುವುದಿಲ್ಲ. ಕೌನ್ಸಿಲ್‌ನ ತ್ಯಾಜ್ಯ ಕೇಂದ್ರಕ್ಕೆ ಒಯ್ಯಬೇಕು.

ಪಡಿ ಜೋತುಬಿದ್ದರೆ

ಕಿಟಕಿ ಮುಚ್ಚುವಾಗ ಹಿಡಿಯ ಕಡೆಯ ಕೆಳಮೂಲೆ ಚೌಕಟ್ಟಿಗೆ ಉಜ್ಜಿದರೆ, ಪಡಿಯನ್ನು ಕೈಯಿಂದ ತುಸು ಎತ್ತಿ ಮುಚ್ಚಬೇಕಾಗಿ ಬಂದರೆ ಪಡಿ ಜೋತುಬಿದ್ದಿದೆ. ಎಲ್ಲರೂ ತಕ್ಷಣ ಹಿಂಜನ್ನು ದೂರುತ್ತಾರೆ. ನಾನು ಮೊದಲು ನೋಡುವುದು ಪ್ಯಾಕರ್. ಪಕ್ಕಕ್ಕೆ ತೆರೆಯುವ ಪಡಿಯಲ್ಲಿ ಗಾಜು ಬರೀ ಗಾಜಲ್ಲ, ಚೌಕಟ್ಟನ್ನು ಚೌಕವಾಗಿ ಹಿಡಿದಿಡುವ ಓರೆ ಊರುಗೋಲು. ಹಳ್ಳಿಯ ತಟ್ಟಿ ಬಾಗಿಲಿಗೆ ಕೆಳಗಿನ ತಿರುಗಣೆಯಿಂದ ಎದುರಿನ ಮೇಲ್ಮೂಲೆಗೆ ಒಂದು ಅಡ್ಡಕೋಲು ಬಡಿಯುತ್ತಾರಲ್ಲ, ಇದೂ ಅದೇ ಕೆಲಸ. ಹಿಂಜಿನ ಕಡೆಯ ಕೆಳಮೂಲೆಯಲ್ಲಿ ಗಾಜಿನ ಅಡಿಗೆ ಮತ್ತು ಪಕ್ಕಕ್ಕೆ, ಹಿಡಿಯ ಕಡೆಯ ಮೇಲ್ಮೂಲೆಯಲ್ಲಿ ಗಾಜಿನ ಮೇಲಕ್ಕೆ ಮತ್ತು ಪಕ್ಕಕ್ಕೆ ಪ್ಯಾಕರ್ ಬಿಗಿಯಾಗಿರಬೇಕು. ಬೀಡಿಂಗ್ ತೆಗೆದು, ಪಡಿಯನ್ನು ಇನ್ನೊಬ್ಬರು ಎತ್ತಿ ಹಿಡಿದಿರುವಾಗ ಈ ಎರಡು ಮೂಲೆಗಳಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚು ತುಂಬಿದರೆ ಪಡಿ ಮತ್ತೆ ಚೌಕಕ್ಕೆ ಬರುತ್ತದೆ. ಇದಕ್ಕೆ ಇಲ್ಲಿನ ಕಸಬುದಾರರು ಟೋ ಅಂಡ್ ಹೀಲ್ ಎನ್ನುತ್ತಾರೆ.

ಅದರಿಂದಲೂ ಸರಿಹೋಗದಿದ್ದರೆ ಹಿಂಜು ಸವೆದಿದೆ. ಮೇಲೊಂದು ಕೆಳಗೊಂದು ಇರುವ ಈ ಫ್ರಿಕ್ಷನ್ ಹಿಂಜುಗಳ ತೋಳು ಬಾಗಿರುವುದು, ರಿವೆಟ್ ಅಲುಗಾಡುವುದು, ತುಕ್ಕು ಹಿಡಿದಿರುವುದು ಕಣ್ಣಿಗೇ ಕಾಣುತ್ತದೆ. ಕೊಳ್ಳುವಾಗ ಮೂರು ವಿಷಯ ತಿಳಿದಿರಬೇಕು: ಚೌಕಟ್ಟಿಗೆ ಕೂರುವ ಹಳಿಯ ಉದ್ದ, ಮಡಿಸಿದಾಗಿನ ದಪ್ಪ (13 ಅಥವಾ 17 ಮಿ.ಮೀ.), ಮತ್ತು ಪಡಿ ಪಕ್ಕಕ್ಕೆ ತೆರೆಯುತ್ತದೋ ಮೇಲಿನಿಂದ ತೂಗುತ್ತದೋ ಎಂಬುದು. ಎರಡನ್ನೂ ಒಟ್ಟಿಗೇ ಬದಲಿಸಿ. ಪಡಿಯ ಕಡೆಯ ಸ್ಕ್ರೂಗಳನ್ನು ಬಿಚ್ಚಿದ ಕ್ಷಣ ಪಡಿಯ ಇಡೀ ಭಾರ ನಿಮ್ಮ ಕೈಗೆ ಬರುತ್ತದೆ, ಮೇಲ್ಮಹಡಿಯಲ್ಲಾದರೆ ಅದು ಕೆಳಗಿನ ರಸ್ತೆಗೆ ಬೀಳಬಹುದು. ಹಗ್ಗ ಕಟ್ಟಿ, ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಂಡೇ ಕೆಲಸಕ್ಕೆ ಇಳಿಯಿರಿ. ಹಳೆಯ ರಂಧ್ರ ಸಡಿಲವಾಗಿದ್ದರೆ ಒಂದು ಅಳತೆ ಹೆಚ್ಚು ದಪ್ಪದ ಸ್ಕ್ರೂ ಹಿಡಿಯುತ್ತದೆ. ಮಲಗುವ ಕೋಣೆಯ ಕಿಟಕಿ ಬೆಂಕಿಯ ಸಂದರ್ಭದಲ್ಲಿ ಪಾರಾಗುವ ದಾರಿಯೂ ಆಗಿದ್ದರೆ ಅಗಲವಾಗಿ ತೆರೆಯುವ ಎಗ್ರೆಸ್ ಹಿಂಜನ್ನೇ ಹಾಕಬೇಕು. ಅಂಥ ಕಿಟಕಿಯಲ್ಲಿ ತೆರೆದ ಜಾಗ ಕನಿಷ್ಠ 0.33 ಚದರ ಮೀಟರ್, ಅಗಲವೂ ಎತ್ತರವೂ 450 ಮಿ.ಮೀ.ಗೆ ಕಡಿಮೆಯಿಲ್ಲದಂತೆ ಇರಬೇಕು, ತೆರೆದ ಜಾಗದ ತಳ ನೆಲದಿಂದ 1100 ಮಿ.ಮೀ.ಗಿಂತ ಮೇಲಿರಬಾರದು.

ಗಾಳಿ ನುಸುಳುವುದು

ಗಾಳಿ ಬೀಸುವ ದಿನ ಒಂದು ಊದುಬತ್ತಿ ಹಚ್ಚಿ ಮುಚ್ಚಿದ ಕಿಟಕಿಯ ಅಂಚಿನ ಸುತ್ತ ನಿಧಾನವಾಗಿ ಸುತ್ತಿಸಿ. ಹೊಗೆ ನೆಟ್ಟಗೆ ಏರುವುದನ್ನು ಬಿಟ್ಟು ಕೋಣೆಯೊಳಕ್ಕೆ ವಾಲಿದ ಕಡೆ ಗಾಳಿ ನುಸುಳುತ್ತಿದೆ. ದೇವರ ಮನೆಯ ಸಾಮಗ್ರಿಗೆ ಇದಕ್ಕಿಂತ ಲೌಕಿಕ ಉಪಯೋಗ ನನಗೆ ಗೊತ್ತಿಲ್ಲ. ಹೊಗೆ ವಾಲಿದ್ದು ಚೌಕಟ್ಟು ಮತ್ತು ಗೋಡೆಯ ನಡುವೆಯಾದರೆ ತಪ್ಪು ಕಿಟಕಿಯದಲ್ಲ; ಸಂದಿಗೆ ತುಂಬಿದ ಹಳೆಯ ಮಾಸ್ಟಿಕ್ ಅಂಟನ್ನು ಕೆತ್ತಿ ತೆಗೆದು, ಒಣಗಿಸಿ, ಹೊಸದಾಗಿ ನ್ಯೂಟ್ರಲ್ ಕ್ಯೂರ್ (ಒಣಗುವಾಗ ಆಮ್ಲ ಬಿಡದ) ಸಿಲಿಕೋನ್ ಎಳೆಯಬೇಕು, ಕೆಳಗಿನ ಸೀಳುಗಳನ್ನು ಮಾತ್ರ ಬಿಟ್ಟು.

ಪಡಿ ಮತ್ತು ಚೌಕಟ್ಟಿನ ನಡುವೆ ಗಾಳಿ ಬರುತ್ತಿದ್ದರೆ, ಪಡಿಯ ಅಂಚಿನ ಲೋಹದ ಪಟ್ಟಿಯಲ್ಲಿ ಅಣಬೆಯಾಕಾರದ ಗುಬುಟುಗಳಿವೆಯೇ ನೋಡಿ. ಅವುಗಳಲ್ಲಿ ಹಲವು ನಡುವಿನಲ್ಲಿ ಅಲೆನ್ ಕೀ ಕೂರುವಂತೆ, ಕೇಂದ್ರ ತಪ್ಪಿಸಿ ಮಾಡಿದವು. ಅವನ್ನು ಸ್ವಲ್ಪ ತಿರುಗಿಸಿದರೆ ಪಡಿ ಚೌಕಟ್ಟಿಗೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಒಂದು ಕಾಗದದ ಚೂರನ್ನು ನಡುವೆ ಇಟ್ಟು ಮುಚ್ಚಿ ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಒತ್ತು ಸಾಲದು. ರಬ್ಬರ್ ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ ಬೆರಳಿನಷ್ಟು ತುಂಡು ಕತ್ತರಿಸಿ ಅಂಗಡಿಗೆ ಒಯ್ದು ಅದೇ ಆಕಾರದ್ದನ್ನು ತನ್ನಿ, ಏಕೆಂದರೆ ಇದರಲ್ಲಿ ಹತ್ತಾರು ಬಗೆಗಳಿವೆ. ಹೊಸದನ್ನು ಎಳೆದು ತುಂಬಬೇಡಿ, ಎಳೆದದ್ದು ಕೆಲವೇ ವಾರಗಳಲ್ಲಿ ಕುಗ್ಗಿ ಮೂಲೆಯಲ್ಲಿ ಬಿರುಕು ಬಿಡುತ್ತದೆ. ತುಸು ಹೆಚ್ಚೇ ಉದ್ದ ಇಟ್ಟು ಒತ್ತುತ್ತ ಹೋಗಿ. ಕೂಡುವ ಜಾಗ ಮೇಲ್ಭಾಗದ ನಡುವೆ ಇರಲಿ.

ಹಿಡಿ ಮತ್ತು ಬೀಗ

ಹಿಡಿ ಮುರಿದದ್ದು ಎಲ್ಲಕ್ಕಿಂತ ಸುಲಭದ ರಿಪೇರಿ. ಮುಚ್ಚಳದ ಅಡಿಯ ಎರಡು ಸ್ಕ್ರೂ ಬಿಚ್ಚಿದರೆ ಅದು ಕೈಗೆ ಬರುತ್ತದೆ. ಹಿಂದಿನ ಚೌಕ ಸರಳು ಸಾಮಾನ್ಯವಾಗಿ 7 ಮಿ.ಮೀ. ದಪ್ಪ, ಸ್ಕ್ರೂಗಳ ನಡುವಿನ ದೂರ 43 ಮಿ.ಮೀ. ಇರುತ್ತದೆ, ಸರಳಿನ ಉದ್ದವನ್ನು ಮಾತ್ರ ಅಳೆದು ತರಬೇಕು. ಸರಳಿಲ್ಲದೆ ಕೊಕ್ಕಿನಂತೆ ಚೌಕಟ್ಟಿನ ಮೇಲೆ ಕೂರುವ ಹಳೆಯ ಬಗೆಯಾದರೆ ಕೊಕ್ಕಿನ ಎತ್ತರ ಅಳೆಯಿರಿ.

ಹಿಡಿ ಸುಮ್ಮನೆ ಗಿರಗಿರ ತಿರುಗಿ ಕಿಟಕಿ ತೆರೆಯದಿದ್ದರೆ ಪಡಿಯೊಳಗಿನ ಗೇರ್‌ಬಾಕ್ಸ್ ಮುರಿದಿದೆ. ಮುಚ್ಚಿದ ಸ್ಥಿತಿಯಲ್ಲಿ ಮುರಿದರೆ ಚೌಕಟ್ಟಿಗೆ ಹಾನಿಯಾಗದಂತೆ ತೆರೆಸುವುದು ಅಭ್ಯಾಸವಿದ್ದವರ ಕೆಲಸ, ಅಲ್ಲಿ ಜುಗ್ಗತನ ಮಾಡಬೇಡಿ. ವರ್ಷಕ್ಕೊಮ್ಮೆ ಬೀಗದ ಪಟ್ಟಿಗೂ ಹಿಂಜಿಗೂ ನಾಲ್ಕು ಹನಿ ತೆಳು ಮೆಷಿನ್ ಎಣ್ಣೆ ಬಿಟ್ಟಿದ್ದರೆ ಅದು ಅಷ್ಟು ಬೇಗ ಮುರಿಯುತ್ತಿರಲಿಲ್ಲ. ರಬ್ಬರಿಗೆ ಮಾತ್ರ ಎಣ್ಣೆ ತಾಗಿಸಬಾರದು, ಸಿಲಿಕೋನ್ ಸ್ಪ್ರೇ ಸಾಕು.

ಗಾಜು ತಾನಾಗಿ ಬಿರುಕು ಬಿಟ್ಟಾಗ

ಯಾರೂ ಕಲ್ಲು ಹೊಡೆಯದೆ ಬಿರುಕು ಬಿಟ್ಟಿದ್ದರೆ ಬಿರುಕಿನ ಬುಡವನ್ನು ನೋಡಿ. ಅಂಚಿಗೆ ಲಂಬವಾಗಿ, ಅಂದರೆ 90 ಡಿಗ್ರಿಯಲ್ಲಿ ಹೊರಟು ಆಮೇಲೆ ಅಂಕುಡೊಂಕಾಗಿ ಹರಿದಿದ್ದರೆ ಅದು ಶಾಖದ ಬಿರುಕು. ಗಾಜಿನ ನಡುಭಾಗ ಬಿಸಿಲಿಗೆ ಕಾಯ್ದು, ಚೌಕಟ್ಟಿನೊಳಗಿನ ಅಂಚು ತಣ್ಣಗೇ ಉಳಿದಾಗ ಹೀಗಾಗುತ್ತದೆ. ಗಾಜಿಗೆ ಅಂಟಿಕೊಂಡಂತೆ ನಿಲ್ಲಿಸಿದ ಕಪ್ಪು ಸೋಫಾ, ಕಡುಬಣ್ಣದ ಬ್ಲೈಂಡ್, ಗಾಜಿಗೆ ಅಂಟಿಸಿದ ಬಿಸಿಲು ತಡೆಯುವ ಫಿಲ್ಮ್ ಇದಕ್ಕೆ ಸಾಮಾನ್ಯ ಕಾರಣಗಳು. ಅಂಥ ಜಾಗಕ್ಕೆ ಟಫನ್ಡ್ ಜೋಡಿಯನ್ನೇ ಹಾಕಿಸಿ.

ಕಿಟಕಿಯನ್ನೇ ಬದಲಿಸಬೇಕಾದಾಗ

ಚೌಕಟ್ಟು ತಿರುಚಿಕೊಂಡಿದ್ದರೆ, ಮೂಲೆಯ ಬೆಸುಗೆ ಬಿಟ್ಟಿದ್ದರೆ, ಮರದ ಚೌಕಟ್ಟಿಗೆ ಚಾಕು ಸಲೀಸಾಗಿ ಇಳಿಯುವಷ್ಟು ಕೊಳೆತಿದ್ದರೆ, ಅಥವಾ ಒಳಹೊರಗನ್ನು ಬೇರ್ಪಡಿಸುವ ನಿರೋಧಕ ಪಟ್ಟಿಯಿಲ್ಲದ 1970ರ ದಶಕದ ಅಲ್ಯುಮಿನಿಯಂ ಚೌಕಟ್ಟಿನ ಲೋಹದ ಮೇಲೆಯೇ ನೀರಿಳಿಯುತ್ತಿದ್ದರೆ, ಆಗ ರಿಪೇರಿಗೆ ಹಾಕಿದ ಹಣ ದಕ್ಕುವುದಿಲ್ಲ.

ಗಾಜಿನ ಜೋಡಿ, ಹಿಂಜು, ಹಿಡಿ ಬದಲಿಸುವುದು ರಿಪೇರಿ ಎನಿಸಿಕೊಳ್ಳುವುದರಿಂದ ಅದಕ್ಕೆ ಕಟ್ಟಡ ನಿಯಮಗಳ ಅನುಮತಿ ಬೇಕಿಲ್ಲ. ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡವಾದರೆ ಮಾತ್ರ ಮೊದಲು ಕೌನ್ಸಿಲ್ಲನ್ನು ಕೇಳಬೇಕು. ಚೌಕಟ್ಟು ಸಮೇತ ಬದಲಿಸಿದರೆ ನಿಯಮ ಅನ್ವಯಿಸುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2002ರ ಏಪ್ರಿಲ್ ನಂತರ ಹಾಕಿದ ಕಿಟಕಿಗಳಿಗೆ, ಹಾಕಿದವರೇ ಕೆಲಸ ನಿಯಮದಂತಿದೆ ಎಂದು ದೃಢೀಕರಿಸುವ ಫೆನ್ಸಾ ಅಥವಾ ಅಂಥ ಇನ್ನೊಂದು ಯೋಜನೆಯ ಪ್ರಮಾಣಪತ್ರ, ಇಲ್ಲವೇ ಕೌನ್ಸಿಲ್‌ನ ಪತ್ರ ಇರಬೇಕು, ಮನೆ ಮಾರುವಾಗ ಕೊಳ್ಳುವವರ ಸಾಲಿಸಿಟರ್ ಅದನ್ನು ಕೇಳುತ್ತಾರೆ. ಇಂಗ್ಲೆಂಡಿನಲ್ಲಿ 2022ರ ಜೂನ್ ನಂತರದ ನಿಯಮಗಳು ಬದಲಿ ಕಿಟಕಿಗಳಲ್ಲೂ ಗಾಳಿಯಾಟಕ್ಕೆ ಒತ್ತು ಕೊಟ್ಟಿರುವುದರಿಂದ ಹೊಸ ಕಿಟಕಿಗಳಲ್ಲಿ ಟ್ರಿಕಲ್ ವೆಂಟ್ ಸಾಮಾನ್ಯವಾಗಿದೆ. ಅದು ಬೇಡ ಎಂದು ಹಟ ಹಿಡಿಯುವ ಮೊದಲು ಅಕ್ಕಿ ಬೇಯಿಸುವ ಆವಿಯ ಮಾತನ್ನು ನೆನಪಿಸಿಕೊಳ್ಳಿ.

ಮುಂಗಡ ಕೊಡುವಾಗ ಅದರ ಒಂದು ಭಾಗವನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ. 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ 75ನೇ ಕಲಮಿನ ಪ್ರಕಾರ 100 ಪೌಂಡಿಗಿಂತ ಹೆಚ್ಚು, 30,000 ಪೌಂಡಿನವರೆಗಿನ ಬೆಲೆಯ ವಸ್ತುವಿಗೆ ಕಾರ್ಡ್ ಕೊಟ್ಟ ಬ್ಯಾಂಕೂ ಮಾರಾಟಗಾರರಷ್ಟೇ ಹೊಣೆ. ಕಿಟಕಿ ಕಂಪನಿ ಹತ್ತು ವರ್ಷದ ಗ್ಯಾರಂಟಿ ಬರೆದುಕೊಟ್ಟು ಮೂರನೆಯ ವರ್ಷ ಬಾಗಿಲು ಮುಚ್ಚಿದರೆ ಆ ಕಾಗದಕ್ಕೆ ಬೆಲೆಯಿಲ್ಲವಾದ್ದರಿಂದ, ಗ್ಯಾರಂಟಿಯ ಹಿಂದೆ ವಿಮೆ ಇದೆಯೇ ಎಂದು ಸಹಿ ಹಾಕುವ ಮುನ್ನ ಕೇಳಿ, ವಿಮೆಯ ಪತ್ರವನ್ನು ಪ್ರತ್ಯೇಕವಾಗಿ ನಿಮ್ಮ ಹೆಸರಿಗೆ ಪಡೆದು ಮನೆಯ ಕಾಗದಪತ್ರಗಳ ಜೊತೆಗೆ ಇಟ್ಟುಕೊಳ್ಳಿ.